ಹಿಮ ಬೀಳುವ ಹೊಲಕ್ಕೆ ಸೈಪ್ರೆಸ್ ಬೇಲಿ: ನೆಡುವ ಮೊದಲು ಇಳಿಜಾರು ನೋಡಿ

ಉದಕಮಂಡಲ: ನೀಲಗಿರಿಯಲ್ಲಿ ಹಸಿರುಬೇಲಿ ಎಂದರೆ ಮೊದಲು ನೆನಪಾಗುವುದು ಸೈಪ್ರೆಸ್. ಹಳೆಯ ಬಂಗಲೆಗಳ ಸುತ್ತ ಗೋಡೆ ಕಟ್ಟಿದಂತೆ ನಿಂತಿರುವ ಈ ಮರ ವರ್ಷವಿಡೀ ಹಸಿರು, ಗಾಳಿಗೂ ತಡೆ. ಹಾಗಾಗಿ ಹಟ್ಟಿಯ ರೈತರಿಗೂ ತಮ್ಮ ಕ್ಯಾರೆಟ್, ಆಲೂಗಡ್ಡೆ ಹೊಲದ ಅಂಚಿಗೆ ಅದನ್ನೇ ನೆಡುವ ಆಸೆ ಹುಟ್ಟುವುದು ಸಹಜ. ಆದರೆ ಬೇಲಿ ತಪ್ಪು ಜಾಗದಲ್ಲಿ ಎದ್ದರೆ ಚಳಿಗಾಲದಲ್ಲಿ ಬೆಳೆ ಕಾಯುವ ಬದಲು ಬೆಳೆಯನ್ನೇ ಸುಡಿಸುತ್ತದೆ.

ಇದಕ್ಕೆ ಕಾರಣ ತಮಿಳಿನಲ್ಲಿ ಉರೈಪನಿ ಎನ್ನುವ ಹಿಮ. ನವೆಂಬರ್‌ನಿಂದ ಫೆಬ್ರವರಿವರೆಗೆ, ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ನೆಲ ತನ್ನ ಕಾವನ್ನು ಬೇಗ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ನೀರಿನ ಹಾಗೆಯೇ ಇಳಿಜಾರು ಹಿಡಿದು ಹರಿದು ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಗುಡ್ಡದ ಮೇಲಿನ ಮನೆಯಂಗಳದಲ್ಲಿ ಏನೂ ಇಲ್ಲದ ದಿನವೂ ತಲೈಕುಂದದಂಥ ತಗ್ಗುಗಳಲ್ಲಿ ಹುಲ್ಲು ಬೆಳ್ಳಗಾಗಿರುವುದು ಇದೇ ಕಾರಣಕ್ಕೆ. ಪತ್ರಿಕೆಯಲ್ಲಿ ಬರುವ ಉಷ್ಣಾಂಶ ನೆಲದಿಂದ ಆಳೆತ್ತರದ ಹತ್ತಿರ ಅಳೆದದ್ದು. ಅಲ್ಲಿ 2 ಅಥವಾ 3 ಡಿಗ್ರಿ ಇದ್ದರೂ ನೆಲದ ಮೇಲೆ ಸೊನ್ನೆಗಿಂತ ಕೆಳಗಿರಬಹುದು.

ಈಗ ಹೊಲದ ಕೆಳಬದಿಗೆ ಅಡ್ಡಲಾಗಿ ಸಂದಿಲ್ಲದ ಸೈಪ್ರೆಸ್ ಬೇಲಿ ಇದೆ ಎಂದುಕೊಳ್ಳಿ. ಮೇಲಿನಿಂದ ಹರಿದು ಬಂದ ತಣ್ಣನೆಯ ಗಾಳಿಗೆ ಅದು ಕೆರೆಯ ಏರಿಯಂತೆ. ಗಾಳಿ ಅಲ್ಲೇ ನಿಂತು, ಬೇಲಿಯ ಮೇಲುಗಡೆಯ ಸಾಲುಗಳು ಮೊದಲು ಕರಗುತ್ತವೆ. ಆದ್ದರಿಂದ ದಟ್ಟ ಬೇಲಿ ಮೇಲಿನ ಅಂಚಿಗೆ ಇರಲಿ, ಅದೂ ನೇರ ಅಡ್ಡಕ್ಕಿಂತ ಸ್ವಲ್ಪ ಓರೆಯಾಗಿದ್ದರೆ ತಣ್ಣನೆಯ ಗಾಳಿ ಪಕ್ಕಕ್ಕೆ ಜಾರಿ ಹೋಗುತ್ತದೆ. ಕೆಳಗಿನ ಅಂಚಿನಲ್ಲಿ ಅತಿ ತಗ್ಗಾದ ಕಡೆ ಅಗಲವಾದ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಕಾಟಿ, ಹಂದಿ ನುಗ್ಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಷ್ಟು ಜಾಗಕ್ಕೆ ತಂತಿ ಬೇಲಿ ಹಾಕಿದರೆ ಗಾಳಿಗೆ ದಾರಿ ಉಳಿಯುತ್ತದೆ. ಕಾಟಿ ಮನಸ್ಸು ಮಾಡಿದರೆ ತಂತಿಯನ್ನೂ ಲೆಕ್ಕಿಸುವುದಿಲ್ಲ, ಸೈಪ್ರೆಸ್ಸನ್ನೂ ಲೆಕ್ಕಿಸುವುದಿಲ್ಲ, ಆ ಮಾತು ಬೇರೆ.

ಇನ್ನು ಗಿಡದ ವಿಷಯ. ಬೇಲಿಗೆ ಹೆಸರಾದ ಮಾಂಟೆರೆ ಸೈಪ್ರೆಸ್ಸಿನ ಮೂಲ ಅಮೆರಿಕದ ಕ್ಯಾಲಿಫೋರ್ನಿಯಾದ ಕಡಲತೀರ. ಕಡಲ ಮಂಜಿನಲ್ಲಿ ಬೆಳೆದ ಮರ ಅದು, ಕೊರೆಯುವ ಚಳಿಯದಲ್ಲ. ಬಲಿತ ಮರ ನಮ್ಮ ಹಿಮವನ್ನು ತಡೆದುಕೊಂಡರೂ ಎಳೆ ಸಸಿಯ ತುದಿ ಕಂದುತ್ತದೆ. ಅದಕ್ಕೇ ಜೂನ್, ಜುಲೈ ಮಳೆಯಲ್ಲಿ ನೆಟ್ಟರೆ ಹಿಮ ಬೀಳುವ ಹೊತ್ತಿಗೆ ಬೇರು ಹಿಡಿದಿರುತ್ತದೆ. ಸಸಿಯಿಂದ ಸಸಿಗೆ 2ರಿಂದ 3 ಅಡಿ ಸಾಕು. ಮೊದಲ ಚಳಿಗಾಲದಲ್ಲಿ, ಎಳೆ ಚಹಾ ಗಿಡಗಳಿಗೆ ಮಾಡುವಂತೆ, ಜರಿಗಿಡದ ಸೊಪ್ಪು ಹೊದಿಸಬೇಕು. ಹಗಲು ಬುಡಕ್ಕೆ ನೀರು ಕೊಟ್ಟಿರಬೇಕು. ಒದ್ದೆ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಕಾವು ಹಿಡಿದಿಟ್ಟುಕೊಳ್ಳುತ್ತದೆ.

ಕತ್ತರಿ ಹಾಕುವ ಕೆಲಸ ಮಾರ್ಚ್, ಏಪ್ರಿಲ್‌ಗೆ ಇರಲಿ. ಅಕ್ಟೋಬರ್‌ನಲ್ಲಿ ಕತ್ತರಿಸಿದರೆ ಹೊಸ ಚಿಗುರು ನೇರ ಹಿಮದ ಬಾಯಿಗೆ ಬೀಳುತ್ತದೆ. ಬುಡ ಅಗಲ, ತಲೆ ಕಿರಿದು ಇದ್ದರೆ ಕೆಳಗಿನ ಎಲೆಗೂ ಬಿಸಿಲು ಸಿಗುತ್ತದೆ. ಮುಖ್ಯವಾಗಿ ಹಸಿರು ದಾಟಿ ಕಂದು ಕಡ್ಡಿಯವರೆಗೆ ಕತ್ತರಿಸಬಾರದು. ದಾಸವಾಳ, ಲಂಟಾನದಂತೆ ಇದು ಹಳೆಯ ಕಡ್ಡಿಯಿಂದ ಚಿಗುರುವ ಜಾತಿಯಲ್ಲ, ಬಿದ್ದ ತೂತು ಹಾಗೆಯೇ ಉಳಿಯುತ್ತದೆ. ಒಂದೊಂದೇ ಕೊಂಬೆ ಒಣಗಿ ತೊಗಟೆಯಿಂದ ಅಂಟು ಸುರಿಯುತ್ತಿದ್ದರೆ ಅದು ಹಿಮದ ಪೆಟ್ಟಲ್ಲ, ಕ್ಯಾಂಕರ್ ಎಂಬ ಶಿಲೀಂಧ್ರ ರೋಗವಿರಬಹುದು. ಆ ಕೊಂಬೆ ತೆಗೆದು ಸುಟ್ಟು, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನ ಗಿಡ ಮುಟ್ಟಬೇಕು.

ಕತ್ತರಿಸಿದ ಸೊಪ್ಪನ್ನು ದನದ ಕೊಟ್ಟಿಗೆಗೆ ಎಸೆಯುವವರು ಎಚ್ಚರ ವಹಿಸಬೇಕು. ಮಾಂಟೆರೆ ಸೈಪ್ರೆಸ್ಸಿನ ಸೊಪ್ಪು ತಿಂದ ಗಬ್ಬದ ಹಸು ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತದೆ. ಈ ಮರದ ಸಾಲುಗಳು ಹೆಚ್ಚಾಗಿರುವ ನ್ಯೂಜಿಲೆಂಡಿನ ಹೈನುಗಾರರಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ.

ಸೈಪ್ರೆಸ್ಸೇ ಆಗಬೇಕೆಂದೂ ಇಲ್ಲ. ನಮ್ಮ ಬೆಟ್ಟದ ಹುಲ್ಲುಗಾವಲಿನಲ್ಲಿ ಹಿಮಕ್ಕೆ ಮೈಯೊಡ್ಡಿ ನಿಲ್ಲುವ ಕೆಂಪು ಹೂವಿನ ರೋಡೋಡೆಂಡ್ರಾನ್ ಇದೆ, ತಮಿಳಿನಲ್ಲಿ ತವಿಟ್ಟುಪಳಂ ಎನ್ನುವ ಹಣ್ಣಿನ ಪೊದೆಯೂ ಇದೆ. ಎರಡೂ ನಿತ್ಯಹಸಿರು. ಬೆಳವಣಿಗೆ ಮಾತ್ರ ನಿಧಾನ, ಅವಸರದವರಿಗೆ ಒಗ್ಗುವುದಿಲ್ಲ. ಶೋಲಾ ಕಾಡಿನ ದೊಡ್ಡ ಮರಗಳ ಸಸಿಗಳನ್ನು ಬಯಲಲ್ಲಿ ನೆಟ್ಟರೆ ಹಿಮಕ್ಕೆ ಸಾಯುವುದೇ ಹೆಚ್ಚು. ಅವಕ್ಕೆ ಮೊದಲು ಬೇರೆ ಗಿಡದ ಆಸರೆ ಬೇಕು.

ನಾಲ್ಕಾರು ವರ್ಷ ಕತ್ತರಿ ಕಾಣದ ಸೈಪ್ರೆಸ್ ಬೇಲಿಯಾಗಿ ಉಳಿಯುವುದಿಲ್ಲ, ಮರಗಳ ಸಾಲಾಗುತ್ತದೆ. ಆಮೇಲೆ ಕಡಿಯೋಣ ಎಂದರೆ 1955ರ ತಮಿಳುನಾಡು ಬೆಟ್ಟ ಪ್ರದೇಶಗಳ ಮರ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಸ್ವಂತ ಪಟ್ಟಾ ಜಮೀನಿನ ಮರವಾದರೂ ಕೊಡಲಿ ಎತ್ತುವ ಮೊದಲು ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಒಳ್ಳೆಯದು.