ಅಂಗಡಿಯಲ್ಲಿ ಸಿಗದ ರೋಡ್ ರ‍್ಯಾಶ್

ಯಾದಗಿರಿ, ಶಹಾಪುರ, ಸುರಪುರಗಳಂಥ ಊರುಗಳಲ್ಲಿ ಕಂಪ್ಯೂಟರ್ ಮನೆಗಳಿಗಿಂತ ಮೊದಲು ಅಂಗಡಿಗಳಿಗೆ ಬಂದಿತು. ಈ ಮೂರೂ ಊರುಗಳು ಇನ್ನೂ ಅವಿಭಜಿತ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕು ಕೇಂದ್ರಗಳಾಗಿದ್ದ ಕಾಲದಲ್ಲಿ, ಅಂದರೆ 1990ರ ದಶಕದ ಕೊನೆಯಲ್ಲಿ ಮತ್ತು ಅದರ ಮುಂದಿನ ಕೆಲವು ವರ್ಷಗಳಲ್ಲಿ, ಲಗ್ನಪತ್ರಿಕೆ, ಕರಪತ್ರಗಳನ್ನು ಸಿದ್ಧಪಡಿಸುವ ಡಿಟಿಪಿ ಕೇಂದ್ರ, ಟ್ಯಾಲಿ ಮತ್ತು ಎಂಎಸ್ ಆಫೀಸ್ ಕಲಿಸುವ ತರಬೇತಿ ಕೇಂದ್ರ, ಗಂಟೆಯ ಲೆಕ್ಕದಲ್ಲಿ ಇಂಟರ್ನೆಟ್ ಕೊಡುವ ಸೈಬರ್ ಕೆಫೆ ಎಂಬ ಮೂರು ಬಗೆಯ ಅಂಗಡಿಗಳೇ ಹೆಚ್ಚಿನವರಿಗೆ ಕಂಪ್ಯೂಟರಿನ ಮೊದಲ ಪರಿಚಯ ಮಾಡಿಸಿದವು. ಹಗಲೆಲ್ಲ ಅಕ್ಷರ ಜೋಡಿಸುತ್ತಿದ್ದ ಅದೇ ಯಂತ್ರದ ಒಂದು ಫೋಲ್ಡರಿನೊಳಗೆ ಮೋಟರ್‌ಸೈಕಲ್ ಪಂದ್ಯದ ಆಟವೊಂದು ಇದ್ದೇ ಇರುತ್ತಿತ್ತು. ರೋಡ್ ರ‍್ಯಾಶ್ ಎಂಬ ಈ ಆಟವನ್ನು ಅಂದು ದುಡ್ಡು ಕೊಟ್ಟು ಕೊಂಡವರು ಭಾರತದ ಸಣ್ಣ ಊರುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ವಿಂಡೋಸ್ ಕಂಪ್ಯೂಟರಿಗಾಗಿ ಬಂದಿದ್ದ ಅದರ ಆ ಆವೃತ್ತಿಯನ್ನು ಕಾನೂನುಬದ್ಧವಾಗಿ ಹೊಸದಾಗಿ ಕೊಳ್ಳುವ ದಾರಿ ಇಂದು ದೊಡ್ಡ ಊರುಗಳವರಿಗೂ ಇಲ್ಲ.

ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ 1991ರಲ್ಲಿ ಸೆಗಾ ಕಂಪನಿಯ ಆಟದ ಯಂತ್ರಕ್ಕಾಗಿ ರೋಡ್ ರ‍್ಯಾಶನ್ನು ಮೊದಲು ಹೊರತಂದಿತು. 1994ರಲ್ಲಿ 3ಡಿಒ ಎಂಬ ಯಂತ್ರಕ್ಕಾಗಿ ಅದನ್ನು ಹೊಸದಾಗಿ ರೂಪಿಸಲಾಯಿತು. ಆ ಹೊಸ ರೂಪವೇ 1996ರಲ್ಲಿ ವಿಂಡೋಸ್ 95ಕ್ಕೆ ಹೊಂದಿಕೊಂಡು ಬಂದಿತು, ಭಾರತದಲ್ಲಿ ಮನೆಮಾತಾದದ್ದೂ ಅದೇ. ಇದನ್ನು ಆರ್ಕೇಡ್ ಮಾದರಿಯ ರೇಸಿಂಗ್ ಆಟ ಎನ್ನುತ್ತಾರೆ. ನಾಣ್ಯ ಹಾಕಿ ಆಡುವ ಯಂತ್ರಗಳನ್ನು ಸಾಲಾಗಿ ಇಟ್ಟ ಪಾರ್ಲರುಗಳಿಗೆ ಆರ್ಕೇಡ್ ಎಂಬ ಹೆಸರಿತ್ತು. ಅಲ್ಲಿಯ ಆಟಗಳಂತೆ ಯಾವ ತರಬೇತಿಯೂ ಇಲ್ಲದೆ ಕುಳಿತ ಕೂಡಲೇ ಆಡಬಲ್ಲ, ವಾಹನದ ತೂಕ, ಟೈರಿನ ಹಿಡಿತಗಳ ನಿಜವಾದ ಲೆಕ್ಕಕ್ಕಿಂತ ವೇಗದ ಮೋಜಿಗೆ ಹೆಚ್ಚು ಗಮನ ಕೊಡುವ ಆಟ ಎಂಬುದು ಆ ಮಾತಿನ ಅರ್ಥ.

ಆಟದ ಕ್ರಮ ಸರಳ. ಕ್ಯಾಲಿಫೋರ್ನಿಯಾದ ಹೆದ್ದಾರಿಗಳಲ್ಲಿ, ಎದುರಿನಿಂದ ಬರುವ ಕಾರುಗಳ ನಡುವೆ, ಕಾನೂನಿಗೆ ವಿರುದ್ಧವಾದ ಪಂದ್ಯವೊಂದು ನಡೆಯುತ್ತದೆ. ಪಕ್ಕದ ಸವಾರನನ್ನು ಗುದ್ದಬಹುದು, ಒದೆಯಬಹುದು, ಅವನ ಕೈಯಲ್ಲಿರುವ ದೊಣ್ಣೆಯನ್ನೋ ಸರಪಳಿಯನ್ನೋ ಕಸಿದುಕೊಂಡು ಅದರಿಂದಲೇ ಅವನನ್ನು ಬಾರಿಸಬಹುದು. ಮುಂದೆ ಬಂದವರಿಗೆ ದುಡ್ಡು, ದುಡ್ಡಿದ್ದವರಿಗೆ ಹೊಸ ಬೈಕು. ಕಾರಿಗೆ ಡಿಕ್ಕಿ ಹೊಡೆದ ಸವಾರ ಗಾಳಿಯಲ್ಲಿ ಹಾರಿ ಬಹುದೂರ ಉರುಳಿ ಬೀಳುತ್ತಾನೆ, ಆಮೇಲೆ ಎದ್ದು, ಸಂಚಾರ ನಿಲ್ಲದ ಅದೇ ರಸ್ತೆಯ ಮೇಲೆ ತನ್ನ ಬೈಕು ಬಿದ್ದಲ್ಲಿಗೆ ಕಾಲ್ನಡಿಗೆಯಲ್ಲಿ ಓಡಿಬರುತ್ತಾನೆ. ಉಳಿದವರೆಲ್ಲ ಮುಂದೆ ಹೋಗುತ್ತಿರುವಾಗ ಆಟಗಾರನು ಅಸಹಾಯಕನಾಗಿ ನೋಡಬೇಕಾದ ಆ ಓಟ, ಮತ್ತು ಅಷ್ಟರಲ್ಲಿ ಪೊಲೀಸನು ಬಂದು ಹಿಡಿದರೆ ಪಂದ್ಯವೇ ಮುಗಿಯುವ ಭಯ, ಒಬ್ಬನ ಆಟವನ್ನು ಹಿಂದೆ ನಿಂತ ನಾಲ್ವರು ಕಣ್ಣು ಕೀಳದೆ ನೋಡಲು ಈ ಎರಡೇ ಸಾಕಾಗಿದ್ದವು. ವಿದ್ಯುತ್ ಹೋಗಿ ಯುಪಿಎಸ್ ಕೂಗತೊಡಗಿದರೆ ಮಾತ್ರ ಅಂಗಡಿಯವನ ದನಿ ಏರುತ್ತಿತ್ತು.

ಕಂಪ್ಯೂಟರಿಗಿಂತ ಮೊದಲೇ ಇಂಥ ಆಟದ ರುಚಿ ಈ ಭಾಗಕ್ಕೆ ಹತ್ತಿತ್ತು ಎಂಬುದನ್ನೂ ಹೇಳಬೇಕು. ಜಪಾನಿನ ನಿಂಟೆಂಡೊ ಯಂತ್ರದ ಅಗ್ಗದ ನಕಲುಗಳು ‘ಟಿವಿ ಗೇಮ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. ಒಂದೇ ಕ್ಯಾಸೆಟ್ಟಿನಲ್ಲಿ ಲಕ್ಷಗಟ್ಟಲೆ ಆಟಗಳಿವೆ ಎಂದು ಬರೆದುಕೊಂಡು, ನಿಜಕ್ಕೂ ಬೆರಳೆಣಿಕೆಯ ಆಟಗಳನ್ನೇ ತಿರುಗಿಸಿ ಮುರುಗಿಸಿ ತೋರಿಸುತ್ತಿದ್ದ ಆ ಕ್ಯಾಸೆಟ್ಟುಗಳಲ್ಲಿ ಕೊನಾಮಿ ಕಂಪನಿಯ 1984ರ ‘ರೋಡ್ ಫೈಟರ್’ ಎಂಬ ಕಾರು ಪಂದ್ಯಕ್ಕೆ ಸಾಮಾನ್ಯವಾಗಿ ಜಾಗವಿರುತ್ತಿತ್ತು. ಪೆಟ್ರೋಲು ಮುಗಿಯುವ ಮುನ್ನ ಗುರಿ ಸೇರಬೇಕಾದ, ಗಂಟೆಗೆ 400 ಕಿಲೋಮೀಟರ್ ವೇಗ ತೋರಿಸುವ ಆ ಕೆಂಪು ಕಾರಿನ ಆಟವೂ ಅಧಿಕೃತ ವ್ಯಾಪಾರದ ದಾರಿಯಿಂದ ಬಂದದ್ದಲ್ಲ. ಈ ನಾಡಿನ ಸಣ್ಣ ಊರುಗಳಲ್ಲಿ ವಿಡಿಯೋ ಗೇಮಿನ ಇತಿಹಾಸವೆಂದರೆ ಬಹುಪಾಲು ನಕಲಿನ ಇತಿಹಾಸವೇ.

ರೋಡ್ ರ‍್ಯಾಶ್ ಹರಡಿದ ಬಗೆಯೂ ಅದೇ. ಹೈದರಾಬಾದಿನಿಂದಲೋ ಗುಲ್ಬರ್ಗಾದಿಂದಲೋ ಕಂಪ್ಯೂಟರ್ ಜೋಡಿಸಿಕೊಟ್ಟವರು ವಿಂಡೋಸ್ ಜೊತೆಗೆ ನಾಲ್ಕಾರು ಆಟಗಳನ್ನೂ ಹಾಕಿಕೊಡುವುದು ವಾಡಿಕೆಯಾಗಿತ್ತು. ಒಂದು ಕಡೆ ಬಂದದ್ದು ಸಿ.ಡಿ.ಗಳ ಮೂಲಕ ಇನ್ನೊಂದು ಕಡೆಗೆ ಹೋಗುತ್ತಿತ್ತು. ಜಾಗ ಉಳಿಸಲು ಆಟದ ನಡುವಿನ ವಿಡಿಯೋ ತುಣುಕುಗಳನ್ನೂ ಹಾಡುಗಳನ್ನೂ ಕಿತ್ತುಹಾಕಿದ ಪ್ರತಿಗಳು ಹೆಚ್ಚಾಗಿ ಓಡಾಡಿದವು. ಆಟವನ್ನು ಬಾಯಿಪಾಠವಾಗುವಷ್ಟು ಆಡಿದ ಎಷ್ಟೋ ಜನರಿಗೆ ಅದರಲ್ಲಿ ಸೌಂಡ್‌ಗಾರ್ಡನ್, ಮಾನ್‌ಸ್ಟರ್ ಮ್ಯಾಗ್ನೆಟ್ ಮುಂತಾದ ಅಮೆರಿಕದ ರಾಕ್ ತಂಡಗಳ ಹಾಡುಗಳಿದ್ದವು ಎಂಬ ಸಂಗತಿಯೇ ಗೊತ್ತಾಗಲಿಲ್ಲ.

ಆ ಹಾಡುಗಳು ಬರಿಯ ಅಲಂಕಾರವಲ್ಲ, ಆಟ ಅಂಗಡಿಗೆ ಮರಳದಿರುವುದನ್ನು ಅರಿಯಲು ಅವು ಒಂದು ಮುಖ್ಯ ಸುಳಿವು. ಬೇರೆಯವರ ಹಾಡನ್ನು ಆಟದಲ್ಲಿ ಬಳಸಲು ಹಕ್ಕುದಾರರಿಂದ ಪರವಾನಗಿ ಪಡೆಯಬೇಕು. ಇಂಥ ಪರವಾನಗಿ ಸಾಮಾನ್ಯವಾಗಿ ಇಂತಿಷ್ಟು ವರ್ಷಕ್ಕೆ, ಇಂತಿಂಥ ಬಗೆಯ ಮಾರಾಟಕ್ಕೆ ಮಾತ್ರ ಸೀಮಿತವಾಗಿರುತ್ತದೆ, ಮತ್ತೆ ಮಾರಬೇಕಾದರೆ ಹೊಸ ಮಾತುಕತೆ, ಹೊಸ ಹಣ. ಕಾರು ಪಂದ್ಯದ ಆಟಗಳಿಗೆ ಇದರ ಜೊತೆಗೆ ಕಾರು ಕಂಪನಿಗಳ ಅನುಮತಿಯೂ ಸೇರುತ್ತದೆ. ಹಾಗಾಗಿ ಬೇಗ ಕಣ್ಮರೆಯಾಗುವ ವಿಡಿಯೋ ಗೇಮುಗಳಲ್ಲಿ ರೇಸಿಂಗ್ ಆಟಗಳೂ ಸೇರಿವೆ. ಡಿಜಿಟಲ್ ಮಳಿಗೆಯ ಪಟ್ಟಿಯಿಂದ ಆಟವೊಂದನ್ನು ತೆಗೆದುಹಾಕುವುದಕ್ಕೆ ಡಿಲಿಸ್ಟಿಂಗ್ ಎನ್ನುತ್ತಾರೆ. ಫೆರಾರಿ ಕಾರುಗಳನ್ನು ಅಧಿಕೃತವಾಗಿ ಬಳಸಿದ್ದ ಸೆಗಾ ಕಂಪನಿಯ ‘ಔಟ್‌ರನ್ ಆನ್‌ಲೈನ್ ಆರ್ಕೇಡ್’ 2009ರಲ್ಲಿ ಬಂದು ಎರಡು ಮೂರು ವರ್ಷಗಳಲ್ಲೇ ಹೀಗೆ ಮಾಯವಾಯಿತು. ‘ನೀಡ್ ಫಾರ್ ಸ್ಪೀಡ್’ ಸರಣಿಯ ಕಾರ್ಬನ್, ಅಂಡರ್‌ಕವರ್, ದಿ ರನ್ ಸೇರಿದಂತೆ ಐದು ಆಟಗಳ ಮಾರಾಟ 2021ರ ಮೇ ತಿಂಗಳ ಕೊನೆಗೆ ನಿಂತಿತು.

ಕನ್ನಡ ನಾಡಿಗೆ ಇದರ ಇನ್ನೊಂದು ಮುಖವೂ ಗೊತ್ತು. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್, ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಅದರ ಕಲಾವಿದರು ಮೈಕ್ರೋಸಾಫ್ಟ್‌ನ ‘ಫೋರ್ಜಾ’ ಎಂಬ ಹೆಸರಾಂತ ಕಾರು ಪಂದ್ಯ ಸರಣಿಗೆ ಕಾರುಗಳನ್ನು, ಅಂದರೆ ಆಟದೊಳಗೆ ಓಡುವ ಮೂರು ಆಯಾಮದ ಗಣಕ ಮಾದರಿಗಳನ್ನು, ರೂಪಿಸಿಕೊಟ್ಟಿದ್ದಾರೆ. ಬಾನೆಟ್ಟಿನ ಬಾಗು, ದೀಪದ ಗಾಜಿನೊಳಗಿನ ಗೆರೆ, ಸೀಟಿನ ಹೊಲಿಗೆ ಇವೆಲ್ಲವನ್ನೂ ನಿಜವಾದ ಕಾರಿನ ಛಾಯಾಚಿತ್ರ ಮತ್ತು ಅಳತೆಗಳಿಗೆ ಹೋಲಿಸಿ ಗಂಟೆಗಟ್ಟಲೆ ತಿದ್ದುವ ಕುಸುರಿ ಕೆಲಸ ಅದು. ಅದೇ ಸರಣಿಯ ಫೋರ್ಜಾ ಹೊರೈಝನ್ ಶಾಖೆಯಲ್ಲಿ ಮೊದಲನೆಯದು 2016ರಲ್ಲಿ, ಎರಡನೆಯದು 2018ರಲ್ಲಿ, ಮೂರನೆಯದು 2020ರಲ್ಲಿ, ನಾಲ್ಕನೆಯದು 2024ರ ಡಿಸೆಂಬರ್‌ನಲ್ಲಿ ಮಳಿಗೆಯಿಂದ ಹೊರಬಿದ್ದವು. ಮೊದಲೇ ಕೊಂಡವರು ಈಗಲೂ ಆಡಬಹುದು, ಹೊಸಬರು ಡಿಜಿಟಲ್ ಮಳಿಗೆಯಲ್ಲಿ ಕೊಳ್ಳುವಂತಿಲ್ಲ. ಮಾಡಿದ ಕೆಲಸ ನಾಲ್ಕಾರು ವರ್ಷಗಳಲ್ಲೇ ಹೊಸ ನೋಡುಗರಿಗೆ ಸಿಗದಂತಾಗುವ ಇಂಥ ವೃತ್ತಿ ಕಲೆಗಳ ಲೋಕದಲ್ಲಿ ಬೇರೊಂದಿರಲಾರದು.

ಪರವಾನಗಿ ಒಂದು ಕಾರಣವಾದರೆ, ಯಂತ್ರದ ಬದಲಾವಣೆ ಇನ್ನೊಂದು. 1990ರ ದಶಕದ ಅನೇಕ ಆಟಗಳನ್ನು ಕಂಪ್ಯೂಟರಿನಲ್ಲಿ ನೆಲೆಗೊಳಿಸುವ ‘ಸೆಟಪ್’ ತಂತ್ರಾಂಶ 16 ಬಿಟ್ ಎಂಬ ಹಳೆಯ ಮಾದರಿಯದು, ಇಂದಿನ 64 ಬಿಟ್ ವಿಂಡೋಸ್ ಅದನ್ನು ನಡೆಸುವುದೇ ಇಲ್ಲ. ಅದರ ಮುಂದಿನ ತಲೆಮಾರಿನ ಆಟಗಳಿಗೆ ಸೇಫ್‌ಡಿಸ್ಕ್ ಎಂಬ ಬೀಗವಿತ್ತು. ಸಿ.ಡಿ. ಅಸಲಿಯೇ ಎಂದು ಪರೀಕ್ಷಿಸುವ ಈ ವ್ಯವಸ್ಥೆಯಲ್ಲಿ ಭದ್ರತೆಯ ದೋಷಗಳಿವೆ ಎಂದು ಮೈಕ್ರೋಸಾಫ್ಟ್ 2015ರಲ್ಲಿ ವಿಂಡೋಸ್ 10ರಿಂದ ಅದಕ್ಕೆ ಆಸರೆ ತಪ್ಪಿಸಿತು. ಪರಿಣಾಮವಾಗಿ, ದುಡ್ಡು ಕೊಟ್ಟು ಅಸಲಿ ಸಿ.ಡಿ. ಕೊಂಡವರ ಆಟ ನಿಂತುಹೋಯಿತು, ಬೀಗ ಮುರಿದ ನಕಲು ಪ್ರತಿಯವರ ಆಟ ನಡೆಯುತ್ತಲೇ ಇತ್ತು. ಪ್ರಾಮಾಣಿಕನಿಗೆ ದಂಡ ಹಾಕುವ ಈ ಬಗೆಯ ವ್ಯವಸ್ಥೆಯನ್ನು ಉದ್ಯಮ ಇಂದಿಗೂ ಗಂಭೀರವಾಗಿ ಪರಿಗಣಿಸಿದಂತೆ ಕಾಣುವುದಿಲ್ಲ. (ಇದು ಆಟಗಳದಷ್ಟೇ ಪಾಡಲ್ಲ. ಅದೇ ಡಿಟಿಪಿ ಕೇಂದ್ರಗಳಲ್ಲಿ ಯೂನಿಕೋಡ್‌ಗಿಂತ ಹಿಂದಿನ ಫಾಂಟುಗಳಲ್ಲಿ ಜೋಡಿಸಿಟ್ಟ ಕನ್ನಡ ಕಡತಗಳನ್ನು ಇಂದು ತೆರೆದರೆ ಅಕ್ಷರದ ಬದಲು ಚಿಹ್ನೆಗಳ ಕಲಸುಮೇಲೋಗರ ಕಾಣಿಸುತ್ತದೆ.)

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನವು, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುತ್ತಿಲ್ಲ ಎಂದು ಹೇಳಿತು. ಗ್ರಂಥಾಲಯಗಳು ಇಂಥ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಬಳಸಲು ಕೊಡುವಂತಾಗಬೇಕೆಂಬ ಕೋರಿಕೆಯನ್ನು ಅಲ್ಲಿನ ಹಕ್ಕುಸ್ವಾಮ್ಯ ಕಚೇರಿ 2024ರ ಅಕ್ಟೋಬರ್‌ನಲ್ಲಿ ತಳ್ಳಿಹಾಕಿತು.

ಭಾರತದಲ್ಲಿ ಅಂಥ ಕೋರಿಕೆ ಸಲ್ಲಿಸಲು ಬೇಕಾದ ತಳಹದಿಯೇ ಇಲ್ಲ. 1954ರ ಕಾಯ್ದೆಯೊಂದು, ಪ್ರಕಟವಾದ ಪ್ರತಿ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ನಿಗದಿತ ಗ್ರಂಥಾಲಯಗಳಿಗೂ ಕಳುಹಿಸಬೇಕೆಂದು ವಿಧಿಸುತ್ತದೆ. ಸಿನಿಮಾಗಳಿಗಾಗಿ 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲವೆಂಬುದನ್ನು ನೆನೆದರೆ ಆ ಸಂಸ್ಥೆ ತಡವಾಗಿಯೇ ಬಂದಿತೆನ್ನಬೇಕು. ವಿಡಿಯೋ ಗೇಮುಗಳಿಗೆ ತಡವಾಗಿ ಬಂದದ್ದೂ ಇಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ತಂತ್ರಾಂಶವನ್ನು ‘ಸಾಹಿತ್ಯ ಕೃತಿ’ಯ ವ್ಯಾಖ್ಯೆಯೊಳಗೆ ಸೇರಿಸಿದೆ, ಸಾಹಿತ್ಯ ಕೃತಿಗೆ ಲೇಖಕರ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ ರಕ್ಷಣೆ ಇರುತ್ತದೆ. ಅದೇ ಕಾಯ್ದೆಯ 52ನೇ ವಿಧಿ, ತಂತ್ರಾಂಶ ನಾಶವಾದೀತೆಂಬ ಕಾರಣಕ್ಕೆ ಮುನ್ನೆಚ್ಚರಿಕೆಯ ಪ್ರತಿ ಮಾಡಿಟ್ಟುಕೊಳ್ಳಲು ಒಪ್ಪುತ್ತದೆಯಾದರೂ, ಆ ಸವಲತ್ತು ತಂತ್ರಾಂಶವನ್ನು ಕಾನೂನುಬದ್ಧವಾಗಿ ಪಡೆದವರಿಗೆ ಮಾತ್ರ. ಶಹಾಪುರದ ತರಬೇತಿ ಕೇಂದ್ರದ ಕಂಪ್ಯೂಟರಿನಲ್ಲಿದ್ದ ರೋಡ್ ರ‍್ಯಾಶ್ ಆ ಲೆಕ್ಕಕ್ಕೆ ಬರುವುದಿಲ್ಲ.

ಸುರಪುರದಲ್ಲಿ 1841ರಿಂದ 1853ರವರೆಗೆ ಆಡಳಿತದ ಹೊಣೆ ಹೊತ್ತಿದ್ದ ಫಿಲಿಪ್ ಮೆಡೋಸ್ ಟೇಲರ್, ಅಲ್ಲಿಗೆ ಬರುವ ಮೊದಲೇ, 1839ರಲ್ಲಿ, ಥಗ್ಗರ ಕುರಿತು ಬರೆದ ಕಾದಂಬರಿಯನ್ನು ಇಂದು ಯಾರು ಬೇಕಾದರೂ ಮುದ್ರಿಸಬಹುದು, ಅನುವಾದಿಸಬಹುದು, ಮೊಬೈಲಿನಲ್ಲಿ ಉಚಿತವಾಗಿ ಓದಬಹುದು. ಟೇಲರ್ 1876ರಲ್ಲಿ ತೀರಿಕೊಂಡದ್ದರಿಂದ ಆತನ ಬರಹಗಳ ಹಕ್ಕು ಎಂದೋ ಮುಗಿದಿದೆ. ಅದೇ ಸುರಪುರದಲ್ಲಿ ಒಂದು ತಲೆಮಾರು ಆಡಿ ಬೆಳೆದ 1996ರ ಆಟ ಮಾತ್ರ ಈ ಶತಮಾನದ ಮಧ್ಯಭಾಗ ದಾಟಿದರೂ ಮುಕ್ತವಾಗದು, ಅಲ್ಲಿಯವರೆಗೆ ಹಕ್ಕುದಾರರು ಅದನ್ನು ಮಾರಬೇಕೆಂಬ ಕಡ್ಡಾಯವೂ ಇಲ್ಲ. ಹಕ್ಕು ಇರುವುದು ತಪ್ಪಲ್ಲ. ಮಾರುವುದೂ ಇಲ್ಲ, ಬಿಡುವುದೂ ಇಲ್ಲ ಎಂಬ ಸ್ಥಿತಿಗೆ ಕಾನೂನು ಅಷ್ಟು ದೀರ್ಘ ರಕ್ಷಣೆ ಕೊಡಬೇಕೆ ಎಂಬುದು ಪ್ರಶ್ನೆ. ‘ಅಬ್ಯಾಂಡನ್‌ವೇರ್’, ಅಂದರೆ ಒಡೆಯರು ಕೈಬಿಟ್ಟ ತಂತ್ರಾಂಶ, ಎಂಬ ಮಾತು ಆಟಗಾರರಲ್ಲಿ ಬಳಕೆಯಲ್ಲಿದೆಯೇ ಹೊರತು ಕಾನೂನಿನ ಪುಸ್ತಕದಲ್ಲಿಲ್ಲ.

ಆದರೂ ರೋಡ್ ರ‍್ಯಾಶ್ ಪೂರ್ತಿ ಕಳೆದುಹೋಗಿಲ್ಲ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ದಾಟಿದ ಅದೇ ಕಾನೂನುಬಾಹಿರ ನಕಲುಗಳು ಅದನ್ನು ಉಳಿಸಿವೆ. ನಿಜವಾದ ನಷ್ಟ ನಕಲು ಮಾಡಲಾಗದ ಆಟಗಳದ್ದು. ಫ್ರಾನ್ಸ್ ಮೂಲದ ಯೂಬಿಸಾಫ್ಟ್ ಕಂಪನಿ 2014ರಲ್ಲಿ ಹೊರತಂದ ‘ದಿ ಕ್ರ್ಯೂ’ ಎಂಬ ಕಾರು ಪಂದ್ಯವು ಒಬ್ಬನೇ ಆಡಿದರೂ ಕಂಪನಿಯ ಸರ್ವರ್ ಜೊತೆ ಸದಾ ಸಂಪರ್ಕದಲ್ಲಿರಬೇಕಿತ್ತು. ಸರ್ವರ್ ಎಂದರೆ ಆಟದ ಒಂದು ಭಾಗವನ್ನು ದೂರದಿಂದ ನಡೆಸುವ ಕಂಪ್ಯೂಟರ್. 2024ರ ಮಾರ್ಚ್ 31ರಂದು ಕಂಪನಿ ಆ ಸರ್ವರನ್ನು ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡು ಡಿಸ್ಕನ್ನು ಕೈಯಲ್ಲಿ ಹಿಡಿದವರಿಗೂ ಅಂದಿನಿಂದ ಆಟ ತೆರೆಯಲಿಲ್ಲ. ಇದನ್ನು ವಿರೋಧಿಸಿ ಯುರೋಪಿನಲ್ಲಿ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಡಿಜಿಟಲ್ ಮಳಿಗೆಗಳು ತಾವು ಮಾರುವುದು ವಸ್ತುವನ್ನಲ್ಲ, ಬಳಸುವ ಪರವಾನಗಿಯನ್ನು ಮಾತ್ರ ಎಂದು ಗ್ರಾಹಕರಿಗೆ ಸ್ಪಷ್ಟಪಡಿಸಬೇಕೆಂಬ ಕ್ಯಾಲಿಫೋರ್ನಿಯಾದ ಕಾನೂನು 2025ರ ಜನವರಿಯಿಂದ ಜಾರಿಯಲ್ಲಿದೆ.

ಯಾದಗಿರಿ ಜಿಲ್ಲೆಯ ಹುಡುಗರ ಪಂದ್ಯಗಳು ಈಗ ಮೊಬೈಲಿಗೆ ಬಂದಿವೆ. ಕೆಲವು ವರ್ಷಗಳ ಹಿಂದಿನವರೆಗೆ ಶೇರ್‌ಇಟ್, ಝೆಂಡರ್‌ನಂಥ ಆ್ಯಪ್‌ಗಳ ಮೂಲಕ, ಡೇಟಾ ಖರ್ಚಿಲ್ಲದೆ, ಆಟಗಳು ಫೋನಿನಿಂದ ಫೋನಿಗೆ ಹೋಗುತ್ತಿದ್ದವು, ಸಿ.ಡಿ.ಯ ಕಾಲದ ವಾಡಿಕೆಯೇ ಹೊಸ ರೂಪದಲ್ಲಿ ಮುಂದುವರಿದಿತ್ತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಇವೆರಡೂ ಇದ್ದವು. ಹಂಚಿಕೊಳ್ಳಲು ಬೇರೆ ದಾರಿಗಳು ಇದ್ದರೂ ಆಟಗಳ ಸ್ವರೂಪವೇ ಬದಲಾಗಿದೆ. ‘ಆಸ್ಫಾಲ್ಟ್ 9: ಲೆಜೆಂಡ್ಸ್’ ಎಂಬ ಜನಪ್ರಿಯ ಕಾರು ಪಂದ್ಯವು 2024ರ ಜುಲೈನಲ್ಲಿ ಒಂದು ಅಪ್‌ಡೇಟಿನ ಮೂಲಕ, ಆಡುತ್ತಿದ್ದವರ ಫೋನುಗಳ ಒಳಗೇ, ‘ಆಸ್ಫಾಲ್ಟ್ ಲೆಜೆಂಡ್ಸ್ ಯುನೈಟ್’ ಎಂಬ ಹೊಸ ಆಟವಾಗಿ ಮಾರ್ಪಟ್ಟಿತು. ಇಂಥ ಆಟದ ಹಳೆಯ ಆವೃತ್ತಿಯನ್ನು ಮೆಮೊರಿ ಕಾರ್ಡಿನಲ್ಲಿ ಜತನವಾಗಿ ಇಟ್ಟುಕೊಂಡರೂ ಪ್ರಯೋಜನವಿಲ್ಲ, ಅದು ತೆರೆದ ಕೂಡಲೇ ಇಂಟರ್ನೆಟ್ ಕೇಳುತ್ತದೆ, ಸಂಪರ್ಕ ಸಿಕ್ಕ ಮೇಲೆ ಅಪ್‌ಡೇಟ್ ಮಾಡಿಕೊಳ್ಳುವವರೆಗೆ ಮುಂದಕ್ಕೆ ಬಿಡುವುದಿಲ್ಲ.