ಯಲಹಂಕದಿಂದ ಹಡಗಿನ ಬ್ರಿಜ್‌ವರೆಗೆ: ಡೆಕ್ ಅಧಿಕಾರಿಯ ತರಬೇತಿಯ ಹಾದಿ

ಹೆಬ್ಬಾಳ, ಯಲಹಂಕ, ಯಶವಂತಪುರ, ಆರ್.ಟಿ. ನಗರಗಳನ್ನೊಳಗೊಂಡ ಉತ್ತರ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ರಸ್ತೆಯ ಲೆಕ್ಕದಲ್ಲಿ ಯಾವ ಕಡಲ ತೀರಕ್ಕೂ 300 ಕಿಲೋಮೀಟರಿಗಿಂತ ದೂರದಲ್ಲಿದ್ದರೂ, ಅದರ ದಿನನಿತ್ಯದ ಬದುಕು ಹಡಗುಗಳನ್ನು ನೆಚ್ಚಿಕೊಂಡೇ ನಡೆಯುತ್ತದೆ. ಮಂಗಳೂರಿನ ಪಣಂಬೂರಿಗೆ ಹಡಗಿನಲ್ಲಿ ಬಂದಿಳಿಯುವ ಕಚ್ಚಾತೈಲವು ಅಲ್ಲಿನ ಸಂಸ್ಕರಣಾಗಾರದಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಆಗಿ, ಹಾಸನದ ಮೂಲಕ ಹಾದುಬರುವ ಕೊಳವೆಮಾರ್ಗದಲ್ಲಿ ಬೆಂಗಳೂರಿನ ಅಂಚಿನ ದೇವನಗೊಂದಿಯನ್ನು ತಲುಪುತ್ತದೆ. ಹೀಗಿದ್ದರೂ ಈ ಹಡಗುಗಳನ್ನು ನಡೆಸುವ ಅಧಿಕಾರಿಗಳ ವೃತ್ತಿಯ ಬಗ್ಗೆ ಒಳನಾಡಿನ ಕುಟುಂಬಗಳಿಗೆ ತಿಳಿವಳಿಕೆ ಕಡಿಮೆ. ತಿಳಿವಳಿಕೆ ಇಲ್ಲದಲ್ಲಿ ದಲ್ಲಾಳಿಗಳ ಮಾತೇ ಮಾರ್ಗದರ್ಶನವಾಗಿಬಿಡುತ್ತದೆ.

ಮರ್ಚೆಂಟ್ ನೇವಿ ಎಂಬುದು ದೇಶ ಕಾಯುವ ನೌಕಾಪಡೆಯಲ್ಲ, ಸರಕು ಮತ್ತು ಪ್ರಯಾಣಿಕರನ್ನು ಸಾಗಿಸುವ ವಾಣಿಜ್ಯ ಹಡಗುಗಳ ಲೋಕ. ಅಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವರು ಎಂಜಿನ್ ವಿಭಾಗದವರಾದರೆ, ದಾರಿ ನಿರ್ಧರಿಸಿ ಹಡಗನ್ನು ನಡೆಸುವವರು, ಸರಕನ್ನು ತುಂಬಿಸಿ ಇಳಿಸುವವರು ಡೆಕ್ ವಿಭಾಗದವರು. ಕೆಡೆಟ್ ಆಗಿ ಸೇರುವ ಅಭ್ಯರ್ಥಿಯು ಕ್ರಮವಾಗಿ ಥರ್ಡ್ ಆಫೀಸರ್, ಸೆಕೆಂಡ್ ಆಫೀಸರ್, ಚೀಫ್ ಆಫೀಸರ್ ಹುದ್ದೆಗಳನ್ನು ದಾಟಿ ಮಾಸ್ಟರ್, ಅಂದರೆ ಕ್ಯಾಪ್ಟನ್, ಆಗುತ್ತಾನೆ. ಸಾಮಾನ್ಯವಾಗಿ ಥರ್ಡ್ ಆಫೀಸರ್ ಜೀವರಕ್ಷಕ ಮತ್ತು ಅಗ್ನಿಶಾಮಕ ಸಲಕರಣೆಗಳನ್ನು, ಸೆಕೆಂಡ್ ಆಫೀಸರ್ ನಕ್ಷೆ ಹಾಗೂ ಪಯಣದ ಯೋಜನೆಯನ್ನು, ಚೀಫ್ ಆಫೀಸರ್ ಸರಕು ಮತ್ತು ಹಡಗಿನ ಸಮತೋಲವನ್ನು ನೋಡಿಕೊಳ್ಳುತ್ತಾರೆ. ಇದರ ಜೊತೆಗೆ ಮೂವರೂ ಸರದಿಯ ಮೇಲೆ, ಸಾಮಾನ್ಯವಾಗಿ ನಾಲ್ಕು ಗಂಟೆ ಕೆಲಸ ಎಂಟು ಗಂಟೆ ಬಿಡುವು ಎಂಬ ಲೆಕ್ಕದಲ್ಲಿ, ಚಾಲನಾ ಕೊಠಡಿಯಾದ ಬ್ರಿಜ್‌ನಲ್ಲಿ ಪಹರೆ ನಿಲ್ಲುತ್ತಾರೆ.

ಈ ತರಬೇತಿಯ ಚೌಕಟ್ಟನ್ನು ರೂಪಿಸಿರುವುದು ಎಸ್‌ಟಿಸಿಡಬ್ಲ್ಯೂ ಎಂದು ಕರೆಯಲಾಗುವ ಅಂತಾರಾಷ್ಟ್ರೀಯ ಒಪ್ಪಂದ. ನಾವಿಕರ ತರಬೇತಿ, ಪ್ರಮಾಣಪತ್ರ ಮತ್ತು ಪಹರೆಯ ಕನಿಷ್ಠ ಮಟ್ಟವನ್ನು ಗೊತ್ತುಪಡಿಸಲು 1978ರಲ್ಲಿ ಅಂಗೀಕಾರವಾದ ಈ ಒಪ್ಪಂದವು 1995ರಲ್ಲಿಯೂ 2010ರಲ್ಲಿ ಮನಿಲಾದಲ್ಲಿಯೂ ವ್ಯಾಪಕವಾಗಿ ಪರಿಷ್ಕೃತಗೊಂಡಿದೆ. ಭಾರತದಲ್ಲಿ ಇದನ್ನು ಜಾರಿಗೊಳಿಸುವ ಹೊಣೆ ಮುಂಬೈಯಲ್ಲಿರುವ ನೌಕಾಯಾನ ಮಹಾನಿರ್ದೇಶನಾಲಯದ್ದು. ಜನಬಳಕೆಯಲ್ಲಿ ಇದು ‘ಡಿಜಿ ಶಿಪ್ಪಿಂಗ್’. ಈ ಇಲಾಖೆಯ ಅನುಮೋದನೆ ಇಲ್ಲದ ಸಂಸ್ಥೆಯಲ್ಲಿ ಪಡೆದ ತರಬೇತಿಗೆ ಹಡಗಿನಲ್ಲಿ ಬೆಲೆಯಿಲ್ಲ.

ದ್ವಿತೀಯ ಪಿಯುಸಿ ಮುಗಿಸಿದವರಿಗೆ ಡೆಕ್ ವಿಭಾಗದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಡಿಎನ್‌ಎಸ್ ಎಂಬ ಒಂದು ವರ್ಷದ ನೌಕಾವಿಜ್ಞಾನ ಡಿಪ್ಲೊಮಾ ಮತ್ತು ಅದರ ಬೆನ್ನಿಗೆ 18 ತಿಂಗಳ ಸಮುದ್ರಸೇವೆ. ಎರಡನೆಯದು ಮೂರು ವರ್ಷಗಳ ಬಿ.ಎಸ್‌ಸಿ. ನೌಕಾವಿಜ್ಞಾನ ಪದವಿ ಮತ್ತು ಅನಂತರದ 12 ತಿಂಗಳ ಸಮುದ್ರಸೇವೆ. ಎರಡಕ್ಕೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಒಟ್ಟಾರೆ ಶೇ. 60 ಹಾಗೂ ಇಂಗ್ಲಿಷಿನಲ್ಲಿ ಶೇ. 50 ಅಂಕಗಳು ಸಾಮಾನ್ಯ ಅರ್ಹತೆಯಾಗಿದ್ದು, ಭಾರತೀಯ ಸಾಗರ ವಿಶ್ವವಿದ್ಯಾಲಯ ನಡೆಸುವ ಪ್ರವೇಶ ಪರೀಕ್ಷೆಯನ್ನು ಬರೆಯಬೇಕಾಗುತ್ತದೆ. 2008ರಲ್ಲಿ ಸ್ಥಾಪನೆಯಾದ ಈ ಕೇಂದ್ರೀಯ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಚೆನ್ನೈ. ಮುಂಬೈ, ನವಿ ಮುಂಬೈ, ಕೋಲ್ಕತ್ತ, ವಿಶಾಖಪಟ್ಟಣ, ಕೊಚ್ಚಿಗಳಲ್ಲಿಯೂ ಅದರ ಆವರಣಗಳಿವೆ. ಮುನ್ನೂರು ಕಿಲೋಮೀಟರಿನಷ್ಟು ಕರಾವಳಿ ಮತ್ತು ಒಂದು ಪ್ರಮುಖ ಬಂದರು ಇರುವ ಕರ್ನಾಟಕದಲ್ಲಿ ಒಂದೂ ಇಲ್ಲ. ಆದ್ದರಿಂದ ಇದನ್ನು ಸೇರಬಯಸುವ ಯಲಹಂಕದ ವಿದ್ಯಾರ್ಥಿಯು ಹೊರರಾಜ್ಯದ ವಸತಿ ಶಿಕ್ಷಣಕ್ಕೆ ಮೊದಲೇ ಸಿದ್ಧನಾಗಿರಬೇಕಾಗುತ್ತದೆ.

ಅಂಕಗಳಿಗಿಂತ ಮೊದಲು ಪರೀಕ್ಷೆಗೊಳಗಾಗಬೇಕಾದದ್ದು ಕಣ್ಣು. ಡೆಕ್ ವಿಭಾಗಕ್ಕೆ ಕನ್ನಡಕದ ನೆರವಿಲ್ಲದ ದೃಷ್ಟಿಯನ್ನೇ ಅಳೆಯಲಾಗುತ್ತದೆ ಮತ್ತು ಬಣ್ಣಗುರುಡಿಗೆ ಯಾವ ರಿಯಾಯಿತಿಯೂ ಇಲ್ಲ. ಇದರ ಕಾರಣ ರಾತ್ರಿಯ ಪಹರೆಯಲ್ಲಿ ತಿಳಿಯುತ್ತದೆ. ಪ್ರತಿ ಹಡಗೂ ತನ್ನ ಎಡಮಗ್ಗುಲಲ್ಲಿ ಕೆಂಪು ದೀಪವನ್ನೂ ಬಲಮಗ್ಗುಲಲ್ಲಿ ಹಸಿರು ದೀಪವನ್ನೂ ಹೊತ್ತಿಸಿಕೊಂಡಿರುತ್ತದೆ. ತನ್ನ ಬಲಗಡೆಯಿಂದ ಅಡ್ಡಹಾಯುತ್ತಿರುವ ಹಡಗಿನ ಕೆಂಪು ದೀಪ ಕಂಡರೆ, ಅಂದರೆ ಅದರ ಎಡಮಗ್ಗುಲು ತನ್ನತ್ತ ಇದ್ದರೆ, ಡಿಕ್ಕಿಯ ಸಂಭವವಿರುವಾಗ ದಾರಿ ಬಿಟ್ಟುಕೊಡುವ ಹೊಣೆ ತನ್ನದು. ಎಡಗಡೆಯಿಂದ ಬರುವ ಹಡಗಿನ ಹಸಿರು ದೀಪ ಕಂಡರೆ ದಾರಿ ಬಿಡಬೇಕಾದದ್ದು ಆ ಹಡಗು. 1972ರ ಅಂತಾರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಈ ಪಾಠವನ್ನು ಕೆಂಪು-ಹಸಿರುಗಳ ಭೇದ ತಿಳಿಯದ ಕಣ್ಣು ಪಾಲಿಸಲಾರದು. ರೇಡಾರ್ ಇದ್ದರೂ ಕಣ್ಣು ಮತ್ತು ಕಿವಿಗಳ ಕಾವಲನ್ನು ಆ ನಿಯಮಗಳು ಕಡ್ಡಾಯಗೊಳಿಸಿವೆ.

ಹಡಗು ಹತ್ತುವ ಮೊದಲಿನ ಶಿಕ್ಷಣಕ್ಕೆ ಭಾರತದಲ್ಲಿ ಸುಮಾರು ನೂರು ವರ್ಷಗಳ ಇತಿಹಾಸವಿದೆ. 1927ರಲ್ಲಿ ಮುಂಬೈಯಲ್ಲಿ ‘ಡಫರಿನ್’ ಎಂಬ ತರಬೇತಿ ಹಡಗಿನೊಂದಿಗೆ ಆರಂಭವಾದ ಪರಂಪರೆಯು 1972ರಲ್ಲಿ ‘ರಾಜೇಂದ್ರ’ ಹಡಗಿಗೂ, 1993ರಲ್ಲಿ ನೆಲದ ಮೇಲೆಯೇ ಇರುವ ‘ಚಾಣಕ್ಯ’ ಸಂಸ್ಥೆಗೂ ಬಂದು ನಿಂತಿತು. ಕೆಡೆಟ್‌ಗಳು ಇಲ್ಲಿ ನೌಕಾಯಾನ, ಹವಾಮಾನ, ಹಡಗಿನ ರಚನೆ, ಸರಕು ನಿರ್ವಹಣೆಗಳನ್ನು ಕಲಿಯುತ್ತಾರೆ. ಉಪಗ್ರಹಗಳು ಹಡಗಿನ ಸ್ಥಾನವನ್ನು ತಿಳಿಸುವ ಈ ಕಾಲದಲ್ಲಿಯೂ, ಸೂರ್ಯ ಅಥವಾ ನಕ್ಷತ್ರವು ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವ ಸೆಕ್ಸ್ಟೆಂಟ್ ಉಪಕರಣದ ಬಳಕೆ ಪಾಠದಲ್ಲಿ ಉಳಿದಿದೆ. ನಕ್ಷತ್ರಗಳನ್ನು ಅಳೆಯಲು ಮುಸ್ಸಂಜೆ ಮತ್ತು ಮುಂಜಾವಿನ ಕೆಲವೇ ನಿಮಿಷಗಳು ಒದಗುತ್ತವೆ, ಏಕೆಂದರೆ ನಕ್ಷತ್ರವೂ ದಿಗಂತರೇಖೆಯೂ ಒಟ್ಟಿಗೆ ಕಾಣುವುದು ಆಗ ಮಾತ್ರ. ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಲೈಫ್ ಜಾಕೆಟ್ ತೊಟ್ಟು ನೀರಿಗೆ ಹಾರಿ ಮಗುಚಿದ ತೆಪ್ಪವನ್ನು ನೇರಮಾಡುವುದು ಮುಂತಾದವು ಪ್ರತಿಯೊಬ್ಬರಿಗೂ ಕಡ್ಡಾಯ.

ಆದರೆ ಈ ವೃತ್ತಿಯಲ್ಲಿ ತರಗತಿಯ ಓದು ಪೀಠಿಕೆ ಮಾತ್ರ. ನಿಜವಾದ ಅರ್ಹತೆಯನ್ನು ತಂದುಕೊಡುವುದು ಸಮುದ್ರಸೇವೆ. ಯಲಹಂಕಕ್ಕೆ ಹತ್ತಿರದ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ವಿದ್ಯಾರ್ಥಿಗೆ ವಾಣಿಜ್ಯ ಪೈಲಟ್ ಪರವಾನಗಿ ದೊರೆಯಲು 200 ಗಂಟೆಗಳ ಹಾರಾಟ ದಾಖಲಾಗಿರಬೇಕು ಎಂಬುದು ಉತ್ತರ ಬೆಂಗಳೂರಿನ ಅನೇಕರಿಗೆ ಗೊತ್ತು. ಹಡಗಿನಲ್ಲಿ ಲೆಕ್ಕಕ್ಕೆ ಬರುವುದು ಗಂಟೆಗಳಲ್ಲ, ತಿಂಗಳುಗಳು. ಕೆಡೆಟ್ ತುಕ್ಕು ಕೆರೆಯುವ, ಹಗ್ಗ ಕಟ್ಟುವ, ಸರಕಿನ ಕೋಣೆ ಶುಚಿಗೊಳಿಸುವ ಕೆಲಸದಿಂದ ಮೊದಲುಗೊಂಡು ಬ್ರಿಜ್‌ನ ಪಹರೆಯವರೆಗೆ ಎಲ್ಲವನ್ನೂ ಮಾಡಿ, ಪ್ರತಿಯೊಂದನ್ನೂ ತರಬೇತಿ ದಾಖಲೆ ಪುಸ್ತಕದಲ್ಲಿ ಬರೆದು ಹಿರಿಯ ಅಧಿಕಾರಿಯ ಸಹಿ ಪಡೆಯಬೇಕು. ಆ ಬಳಿಕ ಲಿಖಿತ ಮತ್ತು ಮೌಖಿಕ ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ ‘ಸೆಕೆಂಡ್ ಮೇಟ್’ ಸಾಮರ್ಥ್ಯ ಪ್ರಮಾಣಪತ್ರ ಕೈಸೇರುತ್ತದೆ. ಸ್ವತಂತ್ರವಾಗಿ ಪಹರೆ ನಿಲ್ಲುವ ಹಕ್ಕು ಹುಟ್ಟುವುದು ಅಲ್ಲಿಂದ. ಫಸ್ಟ್ ಮೇಟ್ ಮತ್ತು ಮಾಸ್ಟರ್ ಪ್ರಮಾಣಪತ್ರಗಳಿಗೆ ಇನ್ನಷ್ಟು ಸೇವೆ ಮತ್ತು ಪರೀಕ್ಷೆಗಳು ಬೇಕು.

ಈ ಹಾದಿಯ ಇಕ್ಕಟ್ಟೂ ಇಲ್ಲಿಯೇ ಇದೆ. ಕಾಲೇಜಿನಲ್ಲಿ ಸೀಟು ಸಿಕ್ಕಿದ ಮಾತ್ರಕ್ಕೆ ಹಡಗಿನಲ್ಲಿ ಕೆಡೆಟ್ ಸ್ಥಾನ ಸಿಗುವುದಿಲ್ಲ. ಹಡಗು ಸಿಗದವನ ಡಿಪ್ಲೊಮಾ ಅಧಿಕಾರಿಯ ಹುದ್ದೆಗೆ ಒಯ್ಯುವುದಿಲ್ಲ. 2004ರಲ್ಲಿ ಜಾರಿಗೆ ಬಂದ, ಹಡಗಿನ ಗಾತ್ರವನ್ನು ಆಧರಿಸಿದ ಟನ್ನೇಜ್ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳುವ ಭಾರತೀಯ ಕಂಪನಿಗಳಿಗೆ ಕೆಡೆಟ್‌ಗಳಿಗೆ ತರಬೇತಿ ನೀಡುವ ಷರತ್ತು ಇದ್ದರೂ, ಹಡಗಿನ ಮೇಲಿನ ಸ್ಥಾನಗಳು ಸೀಮಿತ. ಆದ್ದರಿಂದಲೇ ಪ್ರಾಯೋಜಕತ್ವ, ಅಂದರೆ ತರಬೇತಿಯ ಬಳಿಕ ತನ್ನ ಹಡಗಿನಲ್ಲಿ ಸ್ಥಾನ ಕೊಡುವುದಾಗಿ ಹಡಗು ಕಂಪನಿಯೊಂದು ಮುಂಚಿತವಾಗಿ ಒಪ್ಪಿಕೊಳ್ಳುವುದು, ಕಾಲೇಜಿನ ಹೆಸರಿಗಿಂತ ಮುಖ್ಯವಾಗುತ್ತದೆ. ಹಣ ಕೊಟ್ಟರೆ ನೇರವಾಗಿ ಹಡಗಿಗೆ ಹತ್ತಿಸುತ್ತೇವೆಂಬ ಮಧ್ಯವರ್ತಿಗಳು ಬೆಳೆಯುವುದು ಈ ಕೊರತೆಯ ನೆರಳಿನಲ್ಲಿಯೇ.

ತಿಂಗಳುಗಟ್ಟಲೆ ಮನೆಯಿಂದ ದೂರವಿರುವ ಈ ದುಡಿಮೆಯಲ್ಲಿ ಸಂಬಳ ಆಕರ್ಷಕವಾಗಿದ್ದರೂ ದಣಿವು ದೊಡ್ಡ ಅಪಾಯ. ಅದಕ್ಕಾಗಿಯೇ 24 ಗಂಟೆಗಳಲ್ಲಿ ಕನಿಷ್ಠ 10, ವಾರಕ್ಕೆ ಕನಿಷ್ಠ 77 ಗಂಟೆಗಳ ವಿಶ್ರಾಂತಿಯನ್ನು ಅಂತಾರಾಷ್ಟ್ರೀಯ ನಿಯಮ ಗೊತ್ತುಪಡಿಸಿದೆ. ಈ ವೃತ್ತಿ ಗಂಡಸರಿಗಷ್ಟೇ ಮೀಸಲೂ ಅಲ್ಲ. ಭಾರತದ ಮೊದಲ ಮಹಿಳಾ ಕ್ಯಾಪ್ಟನ್ ಎಂದು ಗುರುತಿಸಲಾದ ಕೇರಳದ ರಾಧಿಕಾ ಮೆನನ್, 2015ರ ಜೂನ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ಸಿಲುಕಿದ್ದ ಏಳು ಮೀನುಗಾರರನ್ನು ರಕ್ಷಿಸಿ, ಮರುವರ್ಷ ಅಂತಾರಾಷ್ಟ್ರೀಯ ಕಡಲ ಸಂಸ್ಥೆಯ ಶೌರ್ಯ ಪ್ರಶಸ್ತಿ ಪಡೆದರು.

ಮಗನನ್ನೋ ಮಗಳನ್ನೋ ಈ ವೃತ್ತಿಗೆ ಕಳುಹಿಸಬಯಸುವ ತಂದೆತಾಯಿಗಳು ಶುಲ್ಕ ಕಟ್ಟುವ ಮೊದಲು ಮೂರು ಕೆಲಸಗಳನ್ನು ಮಾಡಬೇಕು: ಡಿಜಿ ಶಿಪ್ಪಿಂಗ್ ಮಾನ್ಯ ಮಾಡಿದ ವೈದ್ಯರಲ್ಲಿ ಕಣ್ಣಿನ ಪರೀಕ್ಷೆ ಮಾಡಿಸಬೇಕು, ಸಂಸ್ಥೆಗೆ ಅನುಮೋದನೆಯೂ ನೇಮಕಾತಿ ಏಜೆಂಟರಿಗೆ ಪರವಾನಗಿಯೂ ಇರುವುದನ್ನು ಅದೇ ಇಲಾಖೆಯ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಬೇಕು, ಹಡಗಿನಲ್ಲಿ ಸ್ಥಾನ ಕೊಡುವ ಕಂಪನಿಯ ಭರವಸೆಯನ್ನು ಲಿಖಿತವಾಗಿ ಪಡೆಯಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಆ ವರ್ಷ ಪ್ರವೇಶ ಪಡೆಯದಿರುವುದೇ ಲೇಸು.