ಪಾರದರ್ಶಕ ಛಾಯಾಚಿತ್ರಗಳ ದೀಪಪೀಠ

ಛಾಯಾಚಿತ್ರಗಳು ಕಣ್ಣಿಗೆ ಗೋಚರವಾಗುವ ಕ್ರಮದಿಂದ ಎರಡು ವಿಧವಾಗಿವೆ. ಕಾಗದದ ಮೇಲಣ ಚಿತ್ರವು ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸಿ ಕಾಣಿಸಿಕೊಳ್ಳುತ್ತದೆ. ಗಾಜಿನ ಮೇಲೆಯೋ ಫಿಲ್ಮಿನ ಮೇಲೆಯೋ ಮೂಡಿದ ಪಾರದರ್ಶಕ ಚಿತ್ರವಾದರೋ ತನ್ನನ್ನು ಹಾಯ್ದು ಬರುವ ಬೆಳಕಿನಿಂದ ಕಾಣಿಸಿಕೊಳ್ಳುತ್ತದೆ. ವ್ಯವಹಾರದಲ್ಲಿ ಸ್ಲೈಡು ಎಂದು ಹೆಸರು ಪಡೆದಿರುವುದು ಈ ಎರಡನೆಯದು. ಚಾಕ್ಷುಷಪ್ರತ್ಯಕ್ಷಕ್ಕೆ ಆಲೋಕಸಂಯೋಗವು ಸಹಕಾರಿಕಾರಣವೆಂದು ನೈಯಾಯಿಕರ ಮತ. ಸ್ಲೈಡಿನ ವಿಷಯದಲ್ಲಿ ಬೆಳಕನ್ನು ಬರಿಯ ಸಹಕಾರಿಯೆಂದರೆ ಸಾಲದು. ಚಿತ್ರದ ಅರ್ಧಭಾಗವೇ ಅದು. ಬೆಳಕು ಕೆಟ್ಟರೆ ಚಿತ್ರವೂ ಕೆಟ್ಟಂತೆಯೇ ಸರಿ.

ಗಾಜಿನ ಮೇಲಣ ಚಿತ್ರವನ್ನು ದೀಪದ ಸಹಾಯದಿಂದ ಗೋಡೆಯ ಮೇಲೆ ಮೂಡಿಸುವ ಮಾಯಾದೀಪವು ಹದಿನೇಳನೆಯ ಶತಮಾನದಷ್ಟು ಹಳೆಯದು. ಹಾಲೆಂಡಿನ ಕ್ರಿಸ್ಟಿಯಾನ್ ಹ್ಯೂಗೆನ್ಸನು 1659ರ ವೇಳೆಗೆ ಅದನ್ನು ರಚಿಸಿದ್ದನು. ಆಗ ಗಾಜಿನ ಮೇಲಣ ಚಿತ್ರಗಳೆಲ್ಲವೂ ಕೈಯಿಂದ ಬರೆದವುಗಳು. ಛಾಯಾಚಿತ್ರವನ್ನೇ ಗಾಜಿನ ಮೇಲೆ ಮೂಡಿಸಿದವರು ಫಿಲಡೆಲ್ಫಿಯಾದ ಲ್ಯಾಂಗೆನ್‌ಹೈಮ್ ಸಹೋದರರು, 1850ರ ಸುಮಾರಿನಲ್ಲಿ. 1907ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ಬಣ್ಣ ಕಟ್ಟಿದ ಆಲೂಗಡ್ಡೆಯ ಪಿಷ್ಟದ ಕಣಗಳ ಮೂಲಕ ವರ್ಣಚಿತ್ರದ ಫಲಕಗಳನ್ನು ಮಾರಾಟಕ್ಕೆ ತಂದರು. ಕೋಡಕ್ರೋಮ್ ಫಿಲ್ಮು 1935ರಲ್ಲಿ ಹೊರಬಂದು, ಮರುವರ್ಷ ಸಣ್ಣ ಕ್ಯಾಮರಾಗಳಿಗೂ ದೊರೆಯಿತು. ಇಂದು ಸಂಗ್ರಹಗಳಲ್ಲಿ ಹೆಚ್ಚಾಗಿ ಸಿಕ್ಕುವುವು ಎರಡು ಅಳತೆಯವು: ಮೂರೂಕಾಲು ಅಂಗುಲ ಚದರದ ಹಳೆಯ ಗಾಜಿನ ಸ್ಲೈಡು, ಎರಡಂಗುಲ ಚದರದ ಚೌಕಟ್ಟಿನಲ್ಲಿ 24 ಮಿಲಿಮೀಟರ್ ಅಗಲ, 36 ಮಿಲಿಮೀಟರ್ ಉದ್ದದ ಚಿತ್ರವುಳ್ಳ ಫಿಲ್ಮಿನ ಸ್ಲೈಡು.

ಸಭೆಗೆ ತೋರಿಸುವುದು ಬೇರೆ, ಏಕಾಂತದಲ್ಲಿ ಕುಳಿತು ಪರೀಕ್ಷಿಸುವುದು ಬೇರೆ. ಮಾಯಾದೀಪವು ಸಭೆಯ ಸಾಧನ. ಶಾಸನದ ಒಂದು ಅಕ್ಷರದ ಮುಂದೆ ಅರ್ಧ ಗಳಿಗೆ ನಿಲ್ಲಬೇಕಾದ ವಿದ್ವಾಂಸನಿಗೆ ಅದು ಒದಗದು. ಅದರ ತೀಕ್ಷ್ಣವಾದ ಬೆಳಕೂ ಕಾವೂ ಚಿತ್ರದ ಬಣ್ಣವನ್ನು ತಿನ್ನುತ್ತವೆ. ಕತ್ತಲೆಯಲ್ಲಿ ಇಟ್ಟಾಗ ಇತರ ಫಿಲ್ಮುಗಳಿಗಿಂತ ಚೆನ್ನಾಗಿ ಉಳಿಯುವ ಕೋಡಕ್ರೋಮ್ ಸ್ಲೈಡು ಮಾಯಾದೀಪದ ಬೆಳಕಿನಲ್ಲಿ ಅವುಗಳಿಗಿಂತ ಬೇಗ ಮಾಸುವುದೆಂಬುದು ಪರೀಕ್ಷೆಯಿಂದ ಗೊತ್ತಾಗಿರುವ ಸಂಗತಿ. ಆ ಫಿಲ್ಮಿನ ತಯಾರಿಕೆ 2009ರಲ್ಲಿ ನಿಂತಿತು. ಅದನ್ನು ಸಂಸ್ಕರಿಸುತ್ತಿದ್ದ ಕೊನೆಯ ಕಾರ್ಯಾಗಾರವು ಅಮೆರಿಕದ ಕಾನ್ಸಸ್ ಪ್ರಾಂತದ ಪಾರ್ಸನ್ಸ್ ಎಂಬ ಊರಿನದು. ಅಲ್ಲಿಯೂ 2010ರ ಡಿಸೆಂಬರ್ 30ಕ್ಕೆ ಫಿಲ್ಮನ್ನು ಸ್ವೀಕರಿಸುವುದು ಮುಗಿಯಿತು. ಬಂಡೆಯ ಮುಖ ಸವೆಯುತ್ತದೆ, ಓಲೆಯನ್ನು ಹುಳು ತಿನ್ನುತ್ತದೆ. ಮೂಲವು ಹೋದಮೇಲೆ ಸ್ಲೈಡೇ ಸಾಕ್ಷಿಯಾಗಿ ನಿಲ್ಲುವ ಸಂದರ್ಭಗಳು ಹಲವು. ಆ ಸಾಕ್ಷಿಯನ್ನು ಹಿಂಸೆಪಡಿಸದೆ ಮಾತಾಡಿಸುವ ಸಾಧನವೇ ಇಲ್ಲಿ ವಿವರಿಸುವ ದೀಪಪೀಠ.

ಚಿತ್ರದುರ್ಗದ ಸೀಮೆಯಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದರೆಂಬುದು ವಾಚಕರಿಗೆ ತಿಳಿದ ವಿಷಯ. ಅಂತಹ ಶಾಸನದ ಎರಡು ಮೂರು ಅಕ್ಷರಗಳನ್ನು ಮಾತ್ರ ಹತ್ತಿರದಿಂದ ತೆಗೆದ ಸ್ಲೈಡೊಂದು ಪೀಠದ ಮೇಲೆ ಮಗುಚಿ ಕುಳಿತಿದೆಯೆಂದು ಭಾವಿಸೋಣ. ಆ ಕಾಲದ ಬ್ರಾಹ್ಮಿಯಲ್ಲಿ ಕಕಾರವು ಕೂಡಿಸುವ ಚಿಹ್ನೆಯಂತೆ ಇರುವುದರಿಂದ ಮಗುಚಿದರೂ ಕಕಾರವೇ. ಗಕಾರವೂ ಠಕಾರವೂ ಹಾಗೆಯೇ. ಆದರೆ ಅಕ್ಷರದ ಮೇಲ್ತುದಿಯಲ್ಲಿ ಬಲಕ್ಕೆ ಎಳೆದ ಗೆರೆಯು ಆಕಾರವನ್ನೂ ಎಡಕ್ಕೆ ಎಳೆದ ಗೆರೆಯು ಏಕಾರವನ್ನೂ ಸೂಚಿಸುತ್ತವೆ. ಆದಕಾರಣ ‘ಕಾ’ ಎಂಬುದು ಮಗುಚಿದ ಸ್ಲೈಡಿನಲ್ಲಿ ‘ಕೇ’ ಆಗಿಬಿಡುತ್ತದೆ. ಇಡೀ ಪಂಕ್ತಿಯೇ ಇದ್ದರೆ ತಪ್ಪು ಕೂಡಲೆ ಗೊತ್ತಾಗುವುದು. ಬಿಡಿ ಅಕ್ಷರಗಳಲ್ಲಿ ಗೊತ್ತಾಗದು. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯನ್ನು ಹೇಳುವ ಪದವನ್ನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿರುವುದರಿಂದ, ಅಲ್ಲಿ ದಿಕ್ಕನ್ನು ಊಹಿಸಿ ತಿಳಿಯುವೆನೆಂಬ ಧೈರ್ಯವೂ ಸಲ್ಲದು. ಫಿಲ್ಮಿನ ಎರಡು ಮುಖಗಳಲ್ಲಿ ಒಂದು ಹೊಳೆಯುತ್ತದೆ, ಮತ್ತೊಂದು ಮಂಕು. ಚಿತ್ರವಿರುವುದು ಮಂಕು ಮುಖದಲ್ಲಿ. ಕ್ಯಾಮರಾದಿಂದ ನೇರವಾಗಿ ಬಂದ ಸ್ಲೈಡಿನಲ್ಲಿ ಹೊಳೆಯುವ ಮುಖವು ನೋಡುವವನ ಕಡೆಗೆ ಇದ್ದಾಗ ಅಕ್ಷರಗಳು ಸರಿಯಾಗಿ ಕಾಣುವುವು. ಪೀಠವನ್ನು ಮಾಡುವಾಗಲೇ ಅದರ ಅಂಚಿನಲ್ಲಿ ಈ ನಿಯಮವನ್ನು ಬರೆದಿಡುವುದು ಒಳ್ಳೆಯದು.

ಇಂತಹ ಪೀಠವನ್ನು ದೂರದ ನಗರಗಳಿಂದ ತರಿಸಬೇಕಾದುದಿಲ್ಲ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಂತಹ ಹೋಬಳಿಯ ಊರಿನಲ್ಲಿ ಬಡಗಿಯೊಬ್ಬನೂ ವಿದ್ಯುತ್ತಿನ ಸಾಮಾನಿನ ಅಂಗಡಿಯೊಂದೂ ಇದ್ದರೆ ಸಾಕು. ಗಾಜಿನ ಕೆಲಸವೂ ಆ ತಾಲ್ಲೂಕಿಗೆ ಅಪರಿಚಿತವಲ್ಲ. ನೆರೆಯ ಹೋಬಳಿಯ ಮತ್ತೋಡಿನಲ್ಲಿ ಸೌಳುಮಣ್ಣಿನ ಕ್ಷಾರವನ್ನೂ ಬಿಳಿಯ ಬೆಣಚುಕಲ್ಲಿನ ಪುಡಿಯನ್ನೂ ಕರಗಿಸಿ ಬಳೆಯ ಗಾಜನ್ನು ಮಾಡುತ್ತಿದ್ದುದನ್ನು ಫ್ರಾನ್ಸಿಸ್ ಬುಕಾನನ್ನನು 1800–1801ರ ತನ್ನ ಪ್ರವಾಸದ ಗ್ರಂಥದಲ್ಲಿ ವರ್ಣಿಸಿದ್ದಾನೆ. ಆ ಕುಲುಮೆಗಳಿಂದ ಬಂದುದು ಬಳೆಯೇ ಹೊರತು ಫಲಕವಲ್ಲವಾದುದರಿಂದ ಪ್ರಕೃತಕ್ಕೆ ಉಪಯೋಗವಿಲ್ಲ, ಪ್ರಸಂಗವಶದಿಂದ ಹೇಳಿದ್ದಾಯಿತು. ಪೀಠಕ್ಕೆ ಬೇಕಾದುದು ಹಾಲಿನಂತೆ ಬೆಳ್ಳಗಿರುವ ಗಾಜು, ಅಥವಾ ಅದೇ ಬಣ್ಣದ ಮೂರು ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಲಗೆ. ಇದರೊಳಗಿನ ಅತಿಸೂಕ್ಷ್ಮ ಕಣಗಳು ಬೆಳಕಿನ ಕಿರಣವನ್ನು ಬಂದ ದಾರಿಯಲ್ಲೇ ಹೋಗಗೊಡದೆ ಎಲ್ಲ ದಿಕ್ಕಿಗೂ ಚೆದರಿಸುತ್ತವೆ.

ಹೊಸಬರು ಎಡವುವುದು ಈ ಚೆದರಿಸುವ ವಿಷಯದಲ್ಲಿಯೇ. ಬೆಳಕು ಸಾಲದೆಂದು ದೀಪವನ್ನು ದೊಡ್ಡದು ಮಾಡುತ್ತ ಹೋಗುವರು. ಕೊರತೆಯಿರುವುದು ಪ್ರಮಾಣದಲ್ಲಲ್ಲ, ಸಮತೆಯಲ್ಲಿ. ಇಪ್ಪತ್ತು ಸೆಂಟಿಮೀಟರ್ ಅಗಲದ ಫಲಕದ ನಡುವಿಗೆ ಸರಿಯಾಗಿ ಹತ್ತು ಸೆಂಟಿಮೀಟರ್ ಕೆಳಗೆ ಒಂದೇ ದೀಪವನ್ನಿಟ್ಟರೆ, ನೇರವಾಗಿ ಬರುವ ಬೆಳಕು ನಡುವಿನಲ್ಲಿ ನೂರು ಪಾಲಿದ್ದಾಗ ಅಂಚಿನ ಮಧ್ಯದಲ್ಲಿ ಸುಮಾರು ಮೂವತ್ತೈದು ಪಾಲು ಮಾತ್ರ. ದೂರ ಹೆಚ್ಚಿದುದೂ ಕಿರಣವು ಓರೆಯಾಗಿ ಬಿದ್ದುದೂ ಇದಕ್ಕೆ ಕಾರಣಗಳು. ಅದೇ ದೀಪವನ್ನು ಇಪ್ಪತ್ತು ಸೆಂಟಿಮೀಟರ್ ಕೆಳಗೆ ಇಳಿಸಿದರೆ ಅಂಚಿಗೆ ಎಪ್ಪತ್ತು ಪಾಲಿಗೂ ಮಿಕ್ಕು ಬೆಳಕು ಬರುತ್ತದೆ. ಪೆಟ್ಟಿಗೆಯನ್ನು ಅಷ್ಟು ಆಳ ಮಾಡಲು ಇಷ್ಟವಿಲ್ಲದಿದ್ದರೆ ಒಂದು ದೀಪಕ್ಕೆ ಬದಲಾಗಿ ನಾಲ್ಕು ಸಣ್ಣ ಎಲ್.ಇ.ಡಿ. ದೀಪಗಳನ್ನು ತಳದ ನಾಲ್ಕು ಮೂಲೆಗಳ ಕಡೆಗೆ, ಒಂದಕ್ಕೊಂದು ಹನ್ನೆರಡು ಸೆಂಟಿಮೀಟರ್ ಅಂತರದಲ್ಲಿ ಇರಿಸಿ, ಆಳವನ್ನು ಹದಿನೈದಕ್ಕೆ ನಿಲ್ಲಿಸಬಹುದು. ದೀಪಗಳ ನಡುವಣ ಅಂತರಕ್ಕಿಂತ ಆಳವು ಕಡಿಮೆಯಾಗಕೂಡದೆಂಬುದು ನೆನಪಿಡತಕ್ಕ ಸೂತ್ರ. ಪೆಟ್ಟಿಗೆಯ ಒಳಮೈಗೆ ಹೊಳಪಿಲ್ಲದ ಬಿಳಿಯ ಬಣ್ಣವನ್ನು ಬಳಿಯಬೇಕು. ಹೊಳಪಿದ್ದರೆ ದೀಪದ ಪ್ರತಿಬಿಂಬವೇ ಮಚ್ಚೆಯಾಗಿ ಕಾಣುವುದು. ಬಿಳಿಯ ಫಲಕದ ಕೆಳಗೆ ಮೂರು ಸೆಂಟಿಮೀಟರ್ ಬಿಟ್ಟು, ಉಜ್ಜಿ ಮಂಕುಮಾಡಿದ ಗಾಜಿನ ಇನ್ನೊಂದು ಫಲಕವನ್ನು ಇಟ್ಟರೆ ಉಳಿದ ವೈಷಮ್ಯವೂ ಅಡಗುತ್ತದೆ. ಒಂದೇ ಸ್ಲೈಡನ್ನು ನಡುವಿನಲ್ಲಿಯೂ ಮೂಲೆಯಲ್ಲಿಯೂ ಇಟ್ಟು ನೋಡಿದಾಗ ಭೇದ ತೋರದಿದ್ದರೆ ಕೆಲಸ ಸರಿಯಾಗಿದೆಯೆಂದು ತಿಳಿಯತಕ್ಕದ್ದು.

ಈ ಸಮತೆಯ ಫಲವು ಓಲೆಗರಿಯ ಸ್ಲೈಡಿನಲ್ಲಿ ಚೆನ್ನಾಗಿ ಕಾಣುತ್ತದೆ. ಕಂಟದಿಂದ ಕೊರೆದು ಮಸಿ ತೀಡಿದ ಗರಿಯಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ಭೇದವೆಂದರೆ ಹೊಟ್ಟೆ ಸೀಳಿದ ಒಂದು ಸಣ್ಣ ಗೀಟು. ವಿಷಮವಾದ ಬೆಳಕಿನಲ್ಲಿ ಗರಿಯ ನಾರೂ ಆ ಗೀಟಿನಂತೆಯೇ ಕಾಣುವುದರಿಂದ ದನವಿದ್ದಲ್ಲಿ ಧನವೂ, ಧನವಿದ್ದಲ್ಲಿ ದನವೂ ಹುಟ್ಟಿಕೊಳ್ಳುತ್ತವೆ. ಸಂದರ್ಭದಿಂದ ಅರ್ಥವನ್ನು ಸರಿಪಡಿಸಿಕೊಳ್ಳಬಹುದೆಂಬವರೂ ಇದ್ದಾರೆ. ಆದರೆ ಎರಡೂ ಸಲ್ಲುವ ಸಂದರ್ಭಗಳಲ್ಲಿಯೇ ಅಲ್ಲವೇ ವಾದಗಳು ಬೆಳೆಯುವುದು?

ಇನ್ನು ಬೆಳಕಿನ ಬಣ್ಣ. ಕೆಂಪು ದಾಸವಾಳದ ಬಳಿಯಿಟ್ಟ ಸ್ಫಟಿಕವು ಕೆಂಪಾಗಿ ತೋರುವುದೆಂಬ ದೃಷ್ಟಾಂತವು ವೇದಾಂತಿಗಳಿಗೂ ಸಾಂಖ್ಯರಿಗೂ ಪ್ರಿಯವಾದುದು. ಸ್ಲೈಡಿಗೆ ಅದು ಅಕ್ಷರಶಃ ಅನ್ವಯಿಸುತ್ತದೆ. ತಂತಿಯ ಹಳೆಯ ಬಲ್ಬಿನ ಬೆಳಕು ಹಳದಿ ಮಿಶ್ರವಾದ ಕೆಂಪು. ಅಂಗಡಿಯ ಅಗ್ಗದ ಬಿಳಿಯ ಎಲ್.ಇ.ಡಿ. ದೀಪದಲ್ಲಿ ನೀಲಿ ಹೆಚ್ಚು, ಕೆಂಪು ಕಡಿಮೆ. ಮೊದಲನೆಯದರಲ್ಲಿ ಬಳಪದ ಕಲ್ಲಿನ ವಿಗ್ರಹವು ತಾಮ್ರದಂತೆಯೂ, ಎರಡನೆಯದರಲ್ಲಿ ಗೋಡೆಯ ಚಿತ್ರದ ಕಾವಿಯು ಬೂದಿಯಂತೆಯೂ ಕಾಣಿಸಬಹುದು. ಮುದ್ರಣಕಲೆಯವರು ವರ್ಣಪರೀಕ್ಷೆಗೆಂದು ಅಂತರರಾಷ್ಟ್ರೀಯವಾಗಿ ಒಪ್ಪಿರುವ ಬೆಳಕು 5000 ಕೆಲ್ವಿನ್ ಉಷ್ಣಾಂಕದ್ದು. ದೀಪದ ಪೆಟ್ಟಿಗೆಯ ಮೇಲೆ ಈ ಸಂಖ್ಯೆಯೊಂದಿಗೆ ಸಿ.ಆರ್.ಐ. ಎಂಬ ಅಂಕವೂ 90ಕ್ಕೆ ಕಡಿಮೆಯಿಲ್ಲದೆ ಇರುವುದನ್ನು ನೋಡಿ ಕೊಳ್ಳಬೇಕು. ಆ ಅಂಕವಿಲ್ಲದ ದೀಪವು ಎಷ್ಟು ಪ್ರಕಾಶವಾಗಿದ್ದರೂ ಬೇಡ.

ಪೀಠದ ಮೇಲೆ ಒಂದು ಸ್ಲೈಡನ್ನಿಟ್ಟು ಸುತ್ತಲಿನ ಬಿಳುಪನ್ನು ಹಾಗೆಯೇ ಬಿಡುವುದು ಸಾಮಾನ್ಯವಾದ ದೋಷ. ಆ ಬಿಳುಪಿಗೆ ಕಣ್ಣಿನ ಪಾಪೆಯು ಕಿರಿದಾಗಿ, ಚಿತ್ರದ ಕಪ್ಪು ಭಾಗಗಳಲ್ಲಿರುವ ವಿವರವೆಲ್ಲ ಮುಚ್ಚಿಹೋಗುತ್ತದೆ. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯ ಪಾರ್ಶ್ವನಾಥ ಬಸದಿಯಂತಹ ಹೊಯ್ಸಳರ ಕಾಲದ ಕಟ್ಟಡದ ಒಳಭಾಗವನ್ನು ತೆಗೆದ ಸ್ಲೈಡಿನಲ್ಲಿ ನೋಡಬೇಕಾದುದೆಲ್ಲ ನೆರಳಿನಲ್ಲಿಯೇ ಇರುವುದು. ಕಪ್ಪು ರಟ್ಟಿನಲ್ಲಿ ಸ್ಲೈಡಿನ ಅಳತೆಯ ಕಿಂಡಿಯನ್ನು ಕೊರೆದು ಹೊದಿಸಿದರೆ ಸಾಕು. ದೀಪವನ್ನು ಹೆಚ್ಚಿಸದೆಯೇ ಕತ್ತಲೆಯೊಳಗಿನ ಕಂಬವೂ ಬೋದಿಗೆಯೂ ಹೊರಬರುವುವು. ಇಡೀ ಪೀಠದಲ್ಲಿ ಅತ್ಯಲ್ಪ ಖರ್ಚಿನ ಅಂಗ ಇದು, ಅತ್ಯಧಿಕ ಪ್ರಯೋಜನದ್ದೂ ಇದೇ.

ಕಾವಿನ ವಿಷಯದಲ್ಲಿ ಹೇಳತಕ್ಕದ್ದು ಸ್ವಲ್ಪ. ತಂತಿಯ ಬಲ್ಬು ತಾನು ಸೇವಿಸಿದ ಶಕ್ತಿಯ ಬಹುಭಾಗವನ್ನು ಶಾಖವಾಗಿಯೇ ಕೊಡುವುದರಿಂದ ಫಿಲ್ಮು ಉಬ್ಬಿ ಬಾಗುತ್ತದೆ. ಎಲ್.ಇ.ಡಿ. ದೀಪಗಳು ಒಟ್ಟು ಆರರಿಂದ ಎಂಟು ವಾಟಿನವಾದರೆ ಆ ಭಯವಿಲ್ಲ; ಆದರೂ ಪೆಟ್ಟಿಗೆಯ ಹಿಂಬದಿಯಲ್ಲಿ ಗಾಳಿಗೆ ನಾಲ್ಕು ರಂಧ್ರಗಳಿರಲಿ. ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿಯಿಂದ ಅವುಗಳನ್ನು ಉರಿಸಿದರೆ ವಿದ್ಯುತ್ತು ನಿಂತ ಸಂಜೆಯೂ ಕೆಲಸ ನಿಲ್ಲದು.

ಸಣ್ಣ ಸ್ಲೈಡಿಗೆ ಮಸೂರವಿಲ್ಲದೆ ತೀರದು. ಐದು ಸೆಂಟಿಮೀಟರ್ ಸಂಗಮದೂರದ ಮಸೂರವು ಚಿತ್ರವನ್ನು ಐದು ಪಟ್ಟು ಹಿಗ್ಗಿಸುತ್ತದೆ, ಎಂದರೆ 36 ಮಿಲಿಮೀಟರ್ ಉದ್ದದ ಚಿತ್ರವು ಇಪ್ಪತ್ತೈದು ಸೆಂಟಿಮೀಟರ್ ದೂರದಲ್ಲಿ ಹಿಡಿದ ಹದಿನೆಂಟು ಸೆಂಟಿಮೀಟರಿನ ಪಟದಂತೆ ತೋರುವುದು. ಒಂದೇ ಮಸೂರವಾದರೆ ಅಂಚಿನಲ್ಲಿ ಗೆರೆಗಳು ಬಾಗಿ ಕಾಮನಬಿಲ್ಲಿನ ಬಣ್ಣಗಳು ಕಟ್ಟುವುದರಿಂದ, ಒಂದು ಮುಖ ಚಪ್ಪಟೆಯಾದ ಹತ್ತು ಸೆಂಟಿಮೀಟರಿನ ಎರಡು ಮಸೂರಗಳನ್ನು ಉಬ್ಬು ಮುಖಗಳು ಎದುರುಬದುರಾಗುವಂತೆ ಒಂದು ಕೊಳವೆಯಲ್ಲಿ ಕೂಡಿಸುವುದು ಮೇಲು. ಸ್ಲೈಡು ಸರಿಯಾಗಿ ಸಂಗಮದೂರದಲ್ಲಿಯೇ ಇದ್ದರೆ ಬಿಂಬವು ಅನಂತದೂರದಲ್ಲಿರುವಂತೆ ಕಾಣುವುದರಿಂದ ಚಾಳೀಸು ಬಂದ ಕಣ್ಣಿಗೂ ಆಯಾಸವಿಲ್ಲ. ದೊಡ್ಡ ಗಾಜಿನ ಸ್ಲೈಡಿಗೆ ಈ ಕೊಳವೆ ಬೇಡ; ಓದಲು ಬಳಸುವ ಭೂತಕನ್ನಡಿಯೇ ಸಾಕು.

ದೀಪವೇ ಇಲ್ಲದ ಪೀಠವೂ ಉಂಟು. ಕಪ್ಪು ಪೆಟ್ಟಿಗೆಯ ಮೇಲ್ಮುಖದಲ್ಲಿ ಕಿಂಡಿ, ಅದರ ಕೆಳಗೆ ನಾಲ್ವತ್ತೈದು ಅಂಶ ಓರೆಯಾಗಿ ನಿಲ್ಲಿಸಿದ ಬಿಳಿಯ ರಟ್ಟು, ಆ ರಟ್ಟಿನ ಎದುರಿನ ಬದಿಯನ್ನು ತೆರೆದು ಉತ್ತರದ ಆಕಾಶಕ್ಕೆ ಮುಖ ಮಾಡುವುದು: ಇಷ್ಟೇ ಅದರ ರಚನೆ. ಬೆಳಗಿನ ಎಂಟು ಗಂಟೆಯ ಮೇಲೆ ಶ್ರೀರಾಂಪುರದ ಶಾಲೆಯ ಉತ್ತರದ ಕಿಟಕಿಯೊಂದರ ಬಳಿ ಇದನ್ನಿಟ್ಟರೆ ಹುಡುಗರಿಗೆ ಬೇಲೂರು ಹಳೆಯಬೀಡುಗಳನ್ನು ತೋರಿಸಲು ಬೇರೆ ಏನೂ ಬೇಡ. ಮೋಡವು ಬಂದರೆ ಬಣ್ಣ ಬದಲಾಗುವುದೊಂದೇ ಇದರ ಕುಂದು. ಪಾಠಕ್ಕೆ ಅದು ಅಡ್ಡಿಯಲ್ಲ, ಪರೀಕ್ಷೆಗೆ ಅಡ್ಡಿ.

ದೀಪಪೀಠದ ಮತ್ತೊಂದು ಉಪಯೋಗವೆಂದರೆ ಪ್ರತಿ ತೆಗೆಯುವುದು. ಸ್ಲೈಡಿನ ನೇರ ಮೇಲೆ ಡಿಜಿಟಲ್ ಕ್ಯಾಮರಾವನ್ನು ನಿಲ್ಲಿಸಿ ಚಿತ್ರ ತೆಗೆದುಕೊಂಡರೆ ಮೂಲವನ್ನು ಪದೇಪದೇ ಬೆಳಕಿಗೆ ಒಡ್ಡುವ ಅಗತ್ಯ ತಪ್ಪುತ್ತದೆ. ಆಗ ಸ್ಲೈಡನ್ನು ಫಲಕಕ್ಕೆ ತಾಗಿಸದೆ, ಎರಡು ಸೆಂಟಿಮೀಟರಾದರೂ ಮೇಲೆ ಎತ್ತಿ ಇಡಬೇಕು. ಇಲ್ಲವಾದರೆ ಫಲಕದ ಮೇಲಣ ಧೂಳೂ ಗೀರೂ ಶಾಸನದ ಅಕ್ಷರಗಳೊಂದಿಗೆ ಅಚ್ಚಾಗುವುವು. ಮನೆಯ ವಿದ್ಯುತ್ತಿಗೆ ನೇರವಾಗಿ ಸೇರಿಸಿದ ಅಗ್ಗದ ದೀಪವು ಸೆಕೆಂಡಿಗೆ ನೂರು ಬಾರಿ ಮಿನುಗುವುದು ಕಣ್ಣಿಗೆ ತಿಳಿಯದಿದ್ದರೂ ಕ್ಯಾಮರಾದಲ್ಲಿ ಪಟ್ಟೆಗಳಾಗಿ ಬೀಳುವುದರಿಂದ ಈ ಕೆಲಸಕ್ಕೆ ಬ್ಯಾಟರಿಯೇ ಉತ್ತಮ. ಪ್ರತಿ ತೆಗೆದಮೇಲೆ ಸ್ಲೈಡನ್ನು ತೇವವಿಲ್ಲದ ಡಬ್ಬಿಯಲ್ಲಿ ಕತ್ತಲೆಗೆ ಸೇರಿಸಿ, ಅದರ ಚೌಕಟ್ಟಿನ ಮೇಲೆ ಊರು, ಕಲ್ಲಿನ ನೆಲೆ, ತೆಗೆದ ದಿನ, ಬೆಳಕು ಬಿದ್ದ ದಿಕ್ಕು ಇವುಗಳನ್ನು ಸೀಸದ ಕಡ್ಡಿಯಿಂದ ಬರೆಯತಕ್ಕದ್ದು. ಕಡೆಯದನ್ನು ಬಹುಮಂದಿ ಬರೆಯುವುದೇ ಇಲ್ಲ. ಬೆಳಕು ಎಡದಿಂದ ಬಿದ್ದಿತೋ ಬಲದಿಂದಲೋ ತಿಳಿಯದಿದ್ದರೆ ಕೊರೆದ ಅಕ್ಷರವು ಉಬ್ಬಿದಂತೆಯೂ, ಕಲ್ಲಿನ ಮೇಲಣ ಚಿಕ್ಕ ಉಬ್ಬು ಅನುಸ್ವಾರದ ಕುಳಿಯಂತೆಯೂ ಕಾಣುವುದುಂಟು.